ವನಮಾಲಾ ಹಿಡಿದ ಕ್ಯಾಮೆರಾ

ತುಂಗಭದ್ರೆಯ ದಂಡೆಯಲ್ಲಿ ಪುಟ್ಟಯ್ಯನವರ ಆಶ್ರಮವಿತ್ತು. ಆಶ್ರಮ ಅಂತ ಜನ ಕರೆಯುತ್ತಿದ್ದರು, ಅಷ್ಟೆ. ಇದ್ದದ್ದು ಒಂದು ಹೆಂಚಿನ ಕೋಣೆ, ಒಂದು ಹಳೆಯ ಕಂಪ್ಯೂಟರು, ಹೊಂಗೆ ಮರದ ಕೆಳಗೊಂದು ಚಾಪೆ.

ಪುಟ್ಟಯ್ಯನವರು ಆಯುಷ್ಯವೆಲ್ಲ ಸಿನಿಮಾ ಎಡಿಟ್ ಮಾಡಿದವರು. ಆ ವಿದ್ಯೆ ಕಲಿಯಲು ಬಂದವರಿಗೆ ಇಲ್ಲವೆನ್ನುತ್ತಿರಲಿಲ್ಲ.

ಒಂದು ಬೆಳಿಗ್ಗೆ ಶಿಷ್ಯ ಹಾಲೇಶ ಬಂದು ಕಾಲಿಗೆ ನಮಸ್ಕರಿಸಿದ. ಮದುವೆ ವಿಡಿಯೊ ಮಾಡುವುದು ಅವನ ಕಸುಬು. ಹೆಂಡತಿ ವನಮಾಲಾ ಕ್ಯಾಮೆರಾ ಹಿಡಿಯುತ್ತಿದ್ದಳು, ಅವನು ಪಕ್ಕದಲ್ಲಿ ಲೈಟು ಹಿಡಿದು ನಿಲ್ಲುತ್ತಿದ್ದ. ಮನೆಗೆ ಬಂದ ಮೇಲೆ ಎಡಿಟಿಂಗ್ ಅವನದು.

ಹೋದ ಮಳೆಗಾಲದಲ್ಲಿ ವನಮಾಲಾ ಜ್ವರ ಬಂದು ಮಲಗಿದಳು. ಮತ್ತೆ ಏಳಲಿಲ್ಲ.

“ಗುರುಗಳೇ, ವರ್ಷದ ಪುಣ್ಯತಿಥಿಗೆ ಅವಳ ನೆನಪಿಗೊಂದು ಸಿನಿಮಾ ಮಾಡಬೇಕು,” ಅಂದ ಹಾಲೇಶ. “ಅವಳು ತೆಗೆದದ್ದೆಲ್ಲ ಈ ಡಿಸ್ಕಿನಲ್ಲಿದೆ. ನನ್ನ ಹಳೇ ಕಂಪ್ಯೂಟರು ಇದನ್ನ ತಡಕೊಳ್ಳಲ್ಲ. ಹೊಸದೊಂದು ಜೋಡಿಸಬೇಕು. ಏನೇನು ತರ್ಲಿ?”

“ನೀನೇನು ಅಂದ್ಕೊಂಡಿದೀಯ?”

“ಪ್ರೊಸೆಸರ್ ಒಳ್ಳೇದು. ರ‍್ಯಾಮು ಕೈತುಂಬಾ. ಗ್ರಾಫಿಕ್ಸ್ ಕಾರ್ಡು ಮಾತ್ರ ಅಂಗಡೀಲಿರೋದರಲ್ಲೇ ದೊಡ್ಡದು. ಕತ್ತಲೆ ಇದ್ದ ಕಡೆಯೆಲ್ಲ ಚಿತ್ರ ಕಾಳುಕಾಳಾಗಿ ಬಂದಿದೆ, ಅದನ್ನ ತೊಳೆದು ತೆಗೀಬೇಕು.”

“ಡಿಸ್ಕು?”

“ಕೊನೇಗೆ ಒಂದು ಚಿಕ್ಕದು. ಆದರೆ ಭಾರಿ ಫಾಸ್ಟು.”

ಪುಟ್ಟಯ್ಯನವರು ತಲೆ ಅಲ್ಲಾಡಿಸಿದರು. “ಮೊದಲು ಡಿಸ್ಕು ತಗೊ. ದೊಡ್ಡದು ತಗೊ, ಜೊತೆಗೆ ಇನ್ನೊಂದು ತಗೊ. ಕಾರ್ಡು ಆಮೇಲೆ ನೋಡು.”

“ಹಾಗಾದರೆ ವೇಗ ಬರಲ್ಲವಲ್ಲ ಗುರುಗಳೇ.”

“ಯಾಕಪ್ಪ ಅವಸರ? ಡಿಸ್ಕಿನಲ್ಲಿ ಇರೋತನಕ ಅವಳೆಲ್ಲಿಗೂ ಹೋಗಲ್ಲ.”

ಹಾಲೇಶನಿಗೆ ಈ ಮಾತು ಚುಚ್ಚಿತು. ಗುರುಗಳು ರೀಲಿನ ಕಾಲದವರು, ಈಗಿನದು ಅವರಿಗೆಲ್ಲಿ ಗೊತ್ತಾಗಬೇಕು ಎಂದುಕೊಂಡು ಎದ್ದು ಹೋದ. ದುಃಖದಲ್ಲಿದ್ದವನು ಹಾಗೆ ಅಂದುಕೊಂಡದ್ದನ್ನು ನಾನಂತೂ ತಪ್ಪೆನ್ನಲಾರೆ.

ಬೇಸಿಗೆಯ ಕೊನೆಗೆ ಅವನು ಲಗೇಜ್ ಆಟೋದಲ್ಲಿ ಹೊಸ ಯಂತ್ರವನ್ನು ಹೊತ್ತು ತಂದ. ಪಕ್ಕದಲ್ಲಿ ಗಾಜು, ಒಳಗೆ ಬಣ್ಣಬಣ್ಣದ ದೀಪ ಉರಿಸುತ್ತ ತಿರುಗುವ ಫ್ಯಾನು. ಆ ಬಡ ಕೋಣೆಯಲ್ಲಿ ಅದೊಂದೇ ಮದುಮಗನಂತೆ ಕೂತಿತ್ತು.

ಸಿನಿಮಾ ಶುರುವಾಯಿತು. ನಗು ಬಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡ ಮದುಮಗಳು. ಚಪ್ಪಲಿ ಕಾಯುತ್ತ ನಿದ್ದೆಹೋದ ಅಜ್ಜ. ಮಗಳನ್ನು ಕಳಿಸಿ ಖಾಲಿ ಚಪ್ಪರದಲ್ಲಿ ನಿಂತ ತಾಯಿ. ಕತ್ತಲೆಯ ಕಾಳು ಒಂದೂ ಉಳಿದಿರಲಿಲ್ಲ. ಎಲ್ಲ ತೊಳೆದಿಟ್ಟ ಹಾಗಿತ್ತು.

ಆ ತಾಯಿಯ ಚಿತ್ರ ಮುಗಿಯುವಾಗ ಹಾಲೇಶ ನಡುವೆ ಬಾಯಿ ಹಾಕಿದ. “ಇಲ್ಲೊಂದು ತಪ್ಪಾಗಿದೆ ಗುರುಗಳೇ. ಕತ್ತರಿಸೋದು ಚೂರು ತಡವಾಗಿ, ಏನೋ ಅರ್ಧ ಸದ್ದು ನುಸುಳಿದೆ. ಮನೆಗೆ ಹೋಗಿ ತೆಗೆದುಬಿಡ್ತೀನಿ.”

ಪುಟ್ಟಯ್ಯನವರು ಕೊನೆಯವರೆಗೂ ಅಲುಗಾಡದೆ ನೋಡಿದರು.

“ಚೆನ್ನಾಗಿದೆ,” ಅಂದರು. “ವನಮಾಲಾ ಎಲ್ಲಿ?”

“ಅವಳು ಕ್ಯಾಮೆರಾ ಹಿಂದೆ ಇದ್ದವಳು. ಹೇಗೆ ಕಾಣ್ತಾಳೆ ಗುರುಗಳೇ?”

“ಮುಖ ಕಾಣದಿದ್ದರೆ ಬೇಡ. ಅವಳ ದನಿ ಎಲ್ಲಿ? ಒಮ್ಮೆ ಇದೇ ಅಂಗಳದಲ್ಲಿ ಅವಳು ಹೊಳೆಯ ವಿಡಿಯೊ ತೆಗೆಯೋವಾಗ ನಾನೇ ಕೇಳಿದ್ದೆನಲ್ಲ.”

ಹಾಲೇಶ ಕೂತಲ್ಲಿಂದ ಎದ್ದು ನಿಂತ.

ಕ್ಯಾಮೆರಾದ ಬಟನ್ ಒತ್ತಿದ ಮೇಲೆ, “ರೀ, ಶುರು ಮಾಡ್ಲಾ?” ಎಂದು ಕೇಳುವುದು ವನಮಾಲಾಳ ಅಭ್ಯಾಸ. ಮುಗಿದ ಮೇಲೆ, ನಿಲ್ಲಿಸುವ ಮೊದಲು, “ಆಯ್ತು ರೀ” ಅನ್ನುತ್ತಿದ್ದಳು. ಪ್ರತಿಯೊಂದು ಶಾಟಿನ ತಲೆಗೂ ಬಾಲಕ್ಕೂ ಅವಳ ದನಿ ಅಂಟಿಕೊಂಡಿರುತ್ತಿತ್ತು. ಬಾಯಿ ಮುಚ್ಚಿಕೊಂಡು ತೆಗೆಯಬಾರದೆ, ಕತ್ತರಿಸಿ ಕತ್ತರಿಸಿ ಸಾಕಾಯ್ತು ಎಂದು ಅವನು ರೇಗುತ್ತಿದ್ದ. ಅವಳು ನಕ್ಕು, ಮುಂದಿನ ಮದುವೆಯಲ್ಲಿ ಮತ್ತೆ ಹಾಗೇ ಕೇಳುತ್ತಿದ್ದಳು.

“ಹಳೇ ಡಿಸ್ಕು ಕೊಡು,” ಅಂದರು ಪುಟ್ಟಯ್ಯ.

“ಇದರೊಳಗೇ ಇದೆ ಗುರುಗಳೇ.” ಹಾಲೇಶ ಹೊಸ ಯಂತ್ರ ತೋರಿಸಿದ. “ಹೊಸ ಡಿಸ್ಕಿನಲ್ಲಿ ಎಲ್ಲ ಹಿಡಿಯಲಿಲ್ಲ. ಪ್ರತಿ ಶಾಟಿನ ಹಿಂದುಮುಂದು ಕತ್ತರಿಸಿ, ಬೇಕಾದದ್ದಷ್ಟೇ ಇಟ್ಟುಕೊಂಡೆ. ಕೆಲಸಕ್ಕೆ ಜಾಗ ಸಾಲದೆ ಹಳೇದನ್ನ ಅಳಿಸಿ ಇದಕ್ಕೇ ಜೋಡಿಸಿದೆ.”

“ಅಳಿಸಿದ ಮೇಲೆ ಅದರಲ್ಲಿ ಬೇರೆ ಏನಾದರೂ ತುಂಬಿಸಿದೀಯ?”

“ಎಷ್ಟೋ ಸಲ.”

ಪುಟ್ಟಯ್ಯನವರು ತಮಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿ ಆ ಡಿಸ್ಕಿನಲ್ಲಿ ಹುಡುಕಿದರು. ಊಟದ ಹೊತ್ತು ಮೀರಿತು. ಬಿಸಿಲು ಹೊಳೆಯ ಆಚೆ ದಂಡೆಗೆ ಸರಿಯಿತು. ಕೊನೆಗೆ ಅವರು ಕೀಬೋರ್ಡಿನಿಂದ ಕೈ ತೆಗೆದರು.

“ಯಾವುದಾದರೂ ಬಿಡಿಭಾಗ ಸಿಗುತ್ತಾ ಗುರುಗಳೇ?” ಹಾಲೇಶ ಚಿಕ್ಕ ಮಗುವಿನ ಹಾಗೆ ಕೇಳಿದ. “ಎಲ್ಲಿದ್ದರೂ ಹುಡುಕಿ ತರ್ತೀನಿ. ಇದಕ್ಕೆ ಹಾಕಿದರೆ ಅವಳ ಮಾತು ವಾಪಸ್ ಬರೋ ಹಾಗೆ?”

ಪುಟ್ಟಯ್ಯನವರು ಸಿನಿಮಾವನ್ನು ಹಿಂದಕ್ಕೆ ಒಯ್ದು, ಖಾಲಿ ಚಪ್ಪರದಲ್ಲಿ ನಿಂತ ತಾಯಿಯ ಹತ್ತಿರ ನಿಲ್ಲಿಸಿದರು. ಸದ್ದು ಹೆಚ್ಚು ಮಾಡಿ, ಮತ್ತೆ ಓಡಿಸಿದರು.

ತಾಯಿ ಕಣ್ಣೊರೆಸಿಕೊಂಡಳು. ಚಪ್ಪರದ ಬಟ್ಟೆ ಗಾಳಿಗೆ ಒಮ್ಮೆ ಉಬ್ಬಿತು. ಆಮೇಲೆ, ಕ್ಯಾಮೆರಾದ ತೀರಾ ಹತ್ತಿರದಿಂದ,

“ಆಯ್—”

ಅಷ್ಟೇ. ಮುಂದೆ ಬೇರೆ ಮದುವೆಯ ವಾಲಗ.

ವರ್ಷಗಟ್ಟಲೆ ಕತ್ತರಿಸಿ ಪಳಗಿದ ಅವನ ಕಿವಿಗೆ ಅದು ಬರೀ ಸದ್ದಾಗಿತ್ತು. ಈಗ ಅದು ವನಮಾಲಾ ಆಗಿತ್ತು. ಹಾಲೇಶ ನೆಲದ ಮೇಲೆ ಕೂತು, ಅವಳನ್ನು ಮಣ್ಣು ಮಾಡಿದ ದಿನವೂ ಅಳದಷ್ಟು ಅತ್ತ. ಪುಟ್ಟಯ್ಯನವರೂ ಪಂಚೆಯ ತುದಿಯಿಂದ ಕಣ್ಣೊತ್ತಿಕೊಂಡರು.

ಅವನು ಕೇಳಿದಾಗಲೆಲ್ಲ ಗುರುಗಳು ಆ ಜಾಗವನ್ನೇ ಮತ್ತೆ ಓಡಿಸಿದರು. ಬೇಸರಪಡಲಿಲ್ಲ.

ಹೊಳೆಯ ಮೇಲೆ ಮಬ್ಬು ಇಳಿಯುವ ಹೊತ್ತಿಗೆ ಹಾಲೇಶ ಎದ್ದು ತಂತಿಗಳನ್ನು ಸುತ್ತಿದ. ಯಂತ್ರವನ್ನು ಎತ್ತಿಕೊಂಡು ಬಾಗಿಲ ತನಕ ಹೋದವನು ಅಲ್ಲೇ ನಿಂತ.

“ನಾಳೆ ಬೇರೆಯವರ ಮದುವೆ ಇದೆ ಗುರುಗಳೇ. ತಂಗಿಯ ಮಗ ಕ್ಯಾಮೆರಾ ಹಿಡೀತಾನೆ. ಎಡಿಟಿಂಗು ನಾನೇ ಮಾಡಬೇಕು. ಹೇಗೆ ಮಾಡ್ಲಿ?”

ಪುಟ್ಟಯ್ಯನವರು ದೀಪ ಹಚ್ಚುತ್ತಿದ್ದರು. ತಿರುಗದೆಯೇ ಹೇಳಿದರು:

“ಒಂದು ಉಸಿರು ತಡವಾಗಿ ಕತ್ತರಿಸಪ್ಪ.”