ಸಂದಿನ ಅರಿಶಿನ

“ಗುರುಗಳೇ, ರೋಗಿಗಳ ಸೇವೆಯನ್ನು ನಾನು ಮನಸಾರೆ ಮಾಡುತ್ತೇನೆ. ಒಂದು ಕಟುಮಾತನ್ನೂ ಆಡಿದವನಲ್ಲ. ಆದರೂ ಅವರು ನನ್ನನ್ನು ಕಂಡರೆ ತಲೆ ತಗ್ಗಿಸುತ್ತಾರೆ. ಏಕೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಗಾರೆಯವನಿದ್ದ. ಮನೆಮನೆಗೆ ಟೈಲ್ಸ್ ಹಾಸುವುದು ಅವನ ಕಸುಬು. ಟೈಲ್ಸಿನ ನಡುವಿನ ಸಂದಿಗೆ ಅವನು ಬಿಳಿ ಸಿಮೆಂಟು ತುಂಬಿದರೆ ನೂಲು ಹಿಡಿದಂತೆ ಇರುತ್ತಿತ್ತು. ತನ್ನ ಮನೆಯ ನೆಲವನ್ನೂ ಅವನೇ ಹಾಸಿದ್ದ. ವಯಸ್ಸಾದ ಮೇಲೆ ಅವನ ಕೈ ನಡುಗತೊಡಗಿತು. ಉಣ್ಣುವಾಗ ಸಾರು ಚೆಲ್ಲುತ್ತಿತ್ತು. ಅದರ ಅರಿಶಿನ ಸಂದಿಗೆ ಇಳಿದು ನಿಂತಿತು.

ಸೊಸೆ ಒಳ್ಳೆಯವಳು. ಮಾವ ಕೈ ತೊಳೆಯಲು ಎದ್ದೊಡನೆ ಬಟ್ಟೆ ತಂದು ಒರೆಸುತ್ತಿದ್ದಳು. ಏನೂ ಅನ್ನುತ್ತಿರಲಿಲ್ಲ. ಅವನು ಮೊದಲು ಸಾರು ಬಿಟ್ಟ. ಆಮೇಲೆ ಮಜ್ಜಿಗೆ ಬಿಟ್ಟ. ಕೊನೆಗೆ ಹಸಿವೇ ಇಲ್ಲ ಎನ್ನತೊಡಗಿದ. ಮೈ ಇಳಿಯಿತು.

ಒಂದು ಮಧ್ಯಾಹ್ನ ಅವಳು ಅಂಗಡಿಗೆ ಹೋಗಿ ಬಂದಾಗ ಅವನು ನೆಲದ ಮೇಲೆ ಕುಳಿತು, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಸಂದನ್ನು ಉಜ್ಜುತ್ತಿದ್ದ. ಅವಳನ್ನು ಕಂಡು ಬ್ರಷ್ಷನ್ನು ಬೆನ್ನ ಹಿಂದೆ ಅಡಗಿಸಿದ. ಅದನ್ನು ತೆಗೆದುಕೊಳ್ಳಲು ಅವಳ ಕೈ ಮುಂದೆ ಹೋಯಿತು. ಅಷ್ಟರಲ್ಲಿ ತಡೆದುಕೊಂಡಳು. ಒಳಗಿನಿಂದ ಅಡುಗೆ ಸೋಡಾ, ಒಂದು ನಿಂಬೆಹಣ್ಣು, ಇನ್ನೊಂದು ಬ್ರಷ್ಷು ತಂದು ಅವನೆದುರು ಕುಳಿತಳು.

“ಮಾವ, ನಾನು ದಿನಾ ಒರೆಸಿದರೂ ಇದು ಹೋಗುತ್ತಿಲ್ಲ. ಹೇಗೆ ತೆಗೆಯಬೇಕು, ಹೇಳಿಕೊಡಿ.”

ಅವನು ಬೆನ್ನ ಹಿಂದಿನ ಬ್ರಷ್ಷನ್ನು ಮುಂದೆ ತಂದ. ಆಮೇಲೆ, “ಸೋಡಾ ಕಲಸಿ ಹಚ್ಚಿ ಕಾಯಬೇಕು, ತಾಯಿ. ಅವಸರಪಟ್ಟು ಉಜ್ಜಿದರೆ ಸಿಮೆಂಟೇ ಎದ್ದು ಬರುತ್ತದೆ. ನಿಂಬೆ ಕೊನೆಗೆ, ಅದೂ ನಾಲ್ಕೇ ಹನಿ” ಎಂದ.

ಸೋಡಾ ತಾಗಿ ಅರಿಶಿನ ಕೆಂಪಾಯಿತು. ಕೆಲಸ ಕೆಟ್ಟಿತೆಂದು ಅವಳು ಹೆದರಿದಳು. ಅವನು ನಕ್ಕು, ಅದು ಹಾಗೇ ಆಗುವುದು ಎಂದ. ಎಷ್ಟೋ ತಿಂಗಳ ಮೇಲೆ ಅವನು ನಕ್ಕಿದ್ದು ಅಂದೇ. ಸಂಜೆಯವರೆಗೆ ಇಬ್ಬರೂ ಎದುರುಬದುರು ಕುಳಿತು ಒಂದೊಂದೇ ಸಂದನ್ನು ಉಜ್ಜಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಕಲೆ ಪೂರ್ತಿ ಹೋಯಿತೇ?” ಎಂದು ಶಿಷ್ಯ ಕೇಳಿದ.

“ಮರುದಿನ ಉಣ್ಣುವಾಗ ಸಾರು ಮತ್ತೆ ಚೆಲ್ಲಿತು, ಆದರೂ ಅವನು ಇನ್ನೊಂದು ಸೌಟು ಸಾರು ಕೇಳಿ ಹಾಕಿಸಿಕೊಂಡ.”