ಸಾವಂತ್ರವ್ವನ ಬಾಗಿಲಿನ ಮೂರನೆಯ ಗೀಟು

ಹತ್ತಿರ ಬನ್ನಿ ಮಕ್ಕಳೇ, ಗದ್ದಲ ಮಾಡಬೇಡಿ. ಈ ಕಥೆ ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ. ಆದರೂ ಹೇಳುತ್ತೇನೆ.

ಹಾಲಗಿರಿ ಅಂತ ಒಂದು ರಾಜ್ಯ. ಅಲ್ಲಿ ಸಾವಂತ್ರವ್ವ ಅಂತ ಒಬ್ಬ ಹೆಂಗಸು. ಹದಿನಾರು ವರ್ಷ ಕಂಡವರ ಕಾರ್ಖಾನೆಯಲ್ಲಿ ಜೀನ್ಸ್ ಪ್ಯಾಂಟು ಹೊಲಿದು ಬೆರಳು ಸವೆಸಿಕೊಂಡವಳು. ಕೊನೆಗೊಂದು ದಿನ ಕಿವಿಯ ಬೆಂಡೋಲೆ ಮಾರಿ, ಪೇಟೆಯ ಮೂಲೆಯಲ್ಲಿ ನಾಲ್ಕು ಮೊಳದ ಮಳಿಗೆ ಹಿಡಿದಳು. ಹೊರಗೆ ಬೋರ್ಡು ಹಾಕಿದಳು: ಇಲ್ಲಿ ಜೀನ್ಸ್ ಮಾತ್ರ.

ಅದು ಪಂಚೆ ಉಡುವ ಊರು. ಮೊದಲು ಎಲ್ಲರೂ ನಕ್ಕರು. ಆಮೇಲೆ ಗಾಡಿ ಹೊಡೆಯುವವರು ಬಂದರು, ಕಲ್ಲು ಒಡೆಯುವವರು ಬಂದರು, ಕಟ್ಟಿಗೆ ಸೀಳುವವರು ಬಂದರು. ಮೊಣಕಾಲಲ್ಲಿ ಹರಿಯದ ಬಟ್ಟೆ ಯಾರಿಗೆ ಬೇಡ ಹೇಳಿ. ಹೊಸ ಪ್ಯಾಂಟು ಬಣ್ಣ ಬಿಡುತ್ತದೆಂದು ಸಾವಂತ್ರವ್ವ ಪ್ರತಿಯೊಂದನ್ನೂ ಉಪ್ಪುನೀರಲ್ಲಿ ಎರಡು ಸಲ ಒಗೆದೇ ಮಾರುತ್ತಿದ್ದಳು.

ಪೇಟೆಯ ನಡುವೆ ದೊಡ್ಡದೊಂದು ಪಂಚೆ ಅಂಗಡಿ. ಅದರ ಮಾಲೀಕ ಭರಮೇಂದ್ರ, ರಾಜನ ಹೆಂಡತಿಯ ತಮ್ಮ. ಸಾವಂತ್ರವ್ವನ ಬಾಗಿಲಲ್ಲಿ ಜನ ಸೇರುವುದು ನೋಡಿ ಅವನ ಹೊಟ್ಟೆಗೆ ಬೆಂಕಿ ಬಿತ್ತು. ಆ ರಾಜ್ಯದಲ್ಲಿ ಒಂದು ಕಾಯ್ದೆ ಇತ್ತು. ಮಾಲು ಕೆಟ್ಟದ್ದೆಂದು ವಾಪಸ್ಸು ಬಂದರೆ ಬಾಗಿಲಿಗೆ ಒಂದು ಗೀಟು, ಮೂರು ಗೀಟಾದರೆ ಆ ಅಂಗಡಿಗೆ ಬೀಗ. ಮಾರಿದವರನ್ನೂ ಒಂದು ಮಾತು ಕೇಳಬೇಕೆಂದು ಅದರಲ್ಲಿ ಬರೆದಿರಲೇ ಇಲ್ಲ. ಇದೂ ಒಂದು ಕಾಯ್ದೆಯೇ?

ಭರಮೇಂದ್ರ ಒಂದು ಪ್ಯಾಂಟು ಕೊಂಡ. ಮದುವೆಯೂಟಕ್ಕೆ ಹಾಕಿಕೊಂಡು ಹೋಗಿ, ತುಪ್ಪದ ಕಲೆ ಸಮೇತ ವಾಪಸ್ಸು ತಂದ. ಕಾಲೇ ಇಟ್ಟಿಲ್ಲ, ಬಿಗಿ ಅಂದ. ಸಾವಂತ್ರವ್ವ ಕಲೆ ತೋರಿಸಿದಳು. ಪೇಟೆಯ ಅಧಿಕಾರಿ ಅತ್ತ ನೋಡದೆ ಅವಳ ಬಾಗಿಲ ಮೇಲೆ ಸುಣ್ಣದಿಂದ ಒಂದು ಗೀಟು ಎಳೆದ.

ಭರಮೇಂದ್ರ ಇನ್ನೊಂದು ಕೊಂಡ. ಬೇಟೆಗೆ ಹಾಕಿಕೊಂಡು ಹೋಗಿ, ಮುಳ್ಳು ಸಮೇತ ವಾಪಸ್ಸು ತಂದ. ಕಾಲೇ ಇಟ್ಟಿಲ್ಲ, ಸಡಿಲ ಅಂದ. ಸಾವಂತ್ರವ್ವ ಮುಳ್ಳು ತೋರಿಸಿದಳು. ಅಧಿಕಾರಿ ಎರಡನೆಯ ಗೀಟು ಎಳೆದ.

ಅವತ್ತು ಸಾವಂತ್ರವ್ವ ಊಟ ಮಾಡಲಿಲ್ಲ. ಹೊಳೆಗೆ ಹೋಗಿ, ಕಲ್ಲು ಬಿರಿಯುವ ಹಾಗೆ ಬಟ್ಟೆ ಒಗೆದಳು. ಒಗೆಯುತ್ತಾ ಒಗೆಯುತ್ತಾ ಅವಳಿಗೆ ಒಂದು ಮಾತು ಹೊಳೆಯಿತು. ಆ ಮನುಷ್ಯ ಸುಳ್ಳು ಹೇಳುತ್ತಾನೆ ನಿಜ, ಆದರೆ ಪ್ಯಾಂಟು ಅವನಿಗೆ ಬಹಳ ಹಿಡಿಸಿದೆ.

ಮೂರನೆಯ ಸಲ ಭರಮೇಂದ್ರ ಬಂದ. ಎಲ್ಲಕ್ಕಿಂತ ಗಾಢ ಬಣ್ಣದ್ದು ಬೇಕೆಂದ. ನೀರು ಕಾಣದ ಒಂದು ಪ್ಯಾಂಟನ್ನು ಸಾವಂತ್ರವ್ವ ಅವನ ಮುಂದಿಟ್ಟಳು. ಅಲ್ಲೇ ನಿಂತಿದ್ದ ಗಾಡಿಯವರಿಗೂ ಕೇಳುವಂತೆ ಹೇಳಿದಳು: "ಸಾಹೇಬ್ರ, ಇದನ್ನ ಇನ್ನೂ ಒಗದಿಲ್ಲ. ಉಪ್ಪುನೀರಾಗ ಹಾಕದ ತೊಡಬ್ಯಾಡ್ರಿ."

ಬಡವರ ಮಾತು ಅವನ ಕಿವಿಗೆ ಯಾವಾಗ ಬಿದ್ದಿತ್ತು? ಅದನ್ನೇ ತೊಟ್ಟು ಇಡೀ ದಿನ ಬಿಸಿಲಲ್ಲಿ ಕುದುರೆ ಸವಾರಿ ಮಾಡಿದ. ಬೆವರು ಧಾರಾಕಾರ ಸುರಿಯಿತು.

ಮರುದಿನ ಬಿಳಿ ಪಂಚೆ ಉಟ್ಟು, ಪ್ಯಾಂಟು ಹಿಡಿದು, ಮೂರನೆಯ ಗೀಟಿನ ಜೊತೆಗೇ ಬೀಗವೂ ಬೀಳಲೆಂದು ಸೀದಾ ರಾಜಸಭೆಗೆ ಬಂದ. ಸಾವಂತ್ರವ್ವನನ್ನೂ ಎಳೆತರಿಸಿದ.

"ಭಾವ, ಇದನ್ನ ಗೂಟಕ್ಕ ತೂಗಹಾಕಿದ್ದೆ ಅಷ್ಟ. ಕಾಲ ಸುದ್ದಾ ಇಟ್ಟಿಲ್ಲ," ಅಂದ. "ಮಾಲ ಕೆಟ್ಟದ್ದೈತಿ."

ರಾಜ ಬೀಗ ತರಿಸಲು ಕೈ ಎತ್ತಿದ.

"ಬೀಗ ಆಮೇಲೆ ಹಾಕ್ರಿ ಮಹಾರಾಜರ," ಅಂದಳು ಸಾವಂತ್ರವ್ವ. "ಮೊದಲ ಇವರ ಪಂಚಿ ಮೊಣಕಾಲ ಮಟ ಎತ್ತಸ್ರಿ."

ಭರಮೇಂದ್ರ ಎರಡೂ ಕೈಯಿಂದ ಪಂಚೆ ಅವುಚಿಕೊಂಡ. ಅದನ್ನು ನೋಡಿ ರಾಜನಿಗೆ ಅನುಮಾನ ಬಂತು. ಎತ್ತು ಅಂದ. ಎತ್ತಿದರೆ, ಪಾದದ ಗಂಟಿನಿಂದ ಮೊಣಕಾಲಿನವರೆಗೆ ಕಡುನೀಲಿ. ಸೀಗೆಪುಡಿ ಹಾಕಿ ತಿಕ್ಕಿದ ಗೀರುಗಳೂ ಇದ್ದವು. ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು, ರಾಜನೂ ನಕ್ಕ.

ಸಾವಂತ್ರವ್ವ ನಗಲಿಲ್ಲ. ಅವಳ ಕಣ್ಣು ಕೆಂಡವಾಗಿತ್ತು.

"ನಗಬ್ಯಾಡ್ರಿ ಮಹಾರಾಜರ. ತುಪ್ಪದ ಕಲಿ ತೋರಿಸಿದೆ, ನಿಮ್ಮವರು ನೋಡಲಿಲ್ಲ. ಮುಳ್ಳು ತೋರಿಸಿದೆ, ನೋಡಲಿಲ್ಲ. ಇವರ ಕಾಲು ನೀಲಿ ಆಗೂಮಟ ನನ್ನ ಮಾತು ಮಾತಲ್ಲೇನು?"

ರಾಜ ತಲೆ ತಗ್ಗಿಸಿದ. ಸಿಂಹಾಸನದಿಂದ ಇಳಿದು, ತಾನೇ ಪೇಟೆಗೆ ನಡೆದು ಹೋಗಿ, ಸಾವಂತ್ರವ್ವನ ಬಾಗಿಲ ಮೇಲಿನ ಎರಡು ಗೀಟುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಮಾರಿದವರನ್ನು ಕೇಳದೆ ಇನ್ನು ಯಾವ ಬಾಗಿಲಿಗೂ ಗೀಟು ಎಳೆಯಕೂಡದೆಂದು ಡಂಗುರ ಹೊಡೆಸಿದ. ಭರಮೇಂದ್ರನಿಗೆ ಒಂದು ವರ್ಷ ಹೊಳೆಯ ದಂಡೆಯಲ್ಲಿ ಸಾವಂತ್ರವ್ವನ ಜೀನ್ಸ್ ಒಗೆಯುವ ಕೆಲಸ. ಕಾಲಿನ ಜೊತೆಗೆ ಕೈಯೂ ನೀಲಿಯಾಯಿತು.

ತಿಳಿಯಿತೇ ಮಕ್ಕಳೇ? ಸುಳ್ಳು ಹೇಳಿ ಇನ್ನೊಬ್ಬರ ಅನ್ನ ಕಸಿಯುವವನು ಕೆಟ್ಟವನು. ಒಬ್ಬರ ಮಾತನ್ನಷ್ಟೇ ಕೇಳಿ ಬೀಗ ಹಾಕಲು ಕೈ ಎತ್ತುವವನು ಅವನಿಗಿಂತ ಕೆಟ್ಟವನು. ಸಾವಂತ್ರವ್ವನ ಅಂಗಡಿ ದೊಡ್ಡದಾಯಿತು, ಬೆಂಡೋಲೆಯೂ ಕಿವಿಗೆ ವಾಪಸ್ಸು ಬಂತು. ಆದರೆ ರಾಜ ಎದುರಾದಾಗಲೆಲ್ಲ ಅವಳು ಕೈಮುಗಿಯುತ್ತಿದ್ದಳೇ ಹೊರತು ನಗುತ್ತಿರಲಿಲ್ಲವಂತೆ.