ಕೆಂಪು ಗೋಡೆಯಲ್ಲಿ ಒಂದೆಳೆ ದಾರಿ

ಲೋಕ ಆಗಿನ್ನೂ ಹೊಸದು. ಎಷ್ಟು ಹೊಸದು ಅಂದರೆ, ಬೆಟ್ಟಗಳು ತಮ್ಮ ಜಾಗದಲ್ಲಿ ಸರಿಯಾಗಿ ಕೂತೂ ಇರಲಿಲ್ಲ, ಗಾಳಿಗೆ ನಡತೆ ಕಲಿಸಿದವರೂ ಇರಲಿಲ್ಲ. ನಾಲ್ಕು ಪವಿತ್ರ ಬೆಟ್ಟಗಳ ನಡುವೆ ದಿನೇ ಜನ ಬದುಕುತ್ತಿದ್ದರು. ನಾವು ಅವರನ್ನು ನವಾಹೋ ಅಂತೀವಿ. ಅವರ ಮಾತಿನಲ್ಲಿ ದಿನೇ ಅಂದರೆ ಜನ, ಅಷ್ಟೇ.

ಅವರಲ್ಲಿ ಯಾನಬಾ ಅಂತ ಒಬ್ಬಳು ಕಂಬಳಿ ನೇಯುವವಳಿದ್ದಳು. ಹಠ ಅಂದರೆ ಅವಳದೇ ಹಠ! ಅವಳಿಗೆ ನೇಯ್ಗೆ ಕಲಿಸಿದ್ದು ಲೋಕದಲ್ಲಿ ಮೊದಲು ಬಲೆ ನೇಯ್ದ ಜೇಡಜ್ಜಿ. ಅಜ್ಜಿಯ ಕಟ್ಟಪ್ಪಣೆ ಒಂದೇ ಒಂದು.

"ಕಂಬಳಿಗೆ ಸುತ್ತಲೂ ಅಂಚು ಕಟ್ಟುವಾಗ ಒಂದೆಳೆಯಷ್ಟು ದಾರಿ ಬಿಡು ಮಗಳೇ. ಒಳಗೆ ಸಿಕ್ಕಿಕೊಂಡದ್ದು ಹೊರಗೆ ಹೋಗಬೇಕಲ್ಲ."

ಯಾನಬಾ ಇದ್ದ ಕಣಿವೆಗೆ ಗಾಳಿಯದೊಂದು ಕಾಟ. ದಿನಾ ಬರುವುದು, ಮಣ್ಣು ಎತ್ತಿಕೊಂಡು ಹೋಗುವುದು. ಮುಸುಕಿನ ಜೋಳದ ಬೇರೆಲ್ಲ ಮೇಲೆದ್ದು ಒಣಗುತ್ತಿತ್ತು. ತಂಗಿ ಹಾಸ್ಬಾಗೆ ಆಗಷ್ಟೇ ಹೆರಿಗೆಯಾಗಿತ್ತು. ಆ ಎಳೆಗೂಸಿನ ಕಣ್ಣಲ್ಲೂ ಮರಳು.

"ನಿನಗೆ ನಾಚಿಕೆ ಇಲ್ಲವೇನೋ?" ಯಾನಬಾ ಗಾಳಿಯನ್ನು ಕೇಳಿದಳು.

"ನಾಚಿಕೆಯೇ? ಅದಿನ್ನೂ ಹುಟ್ಟಿಲ್ಲ!" ಅಂದು ಗಾಳಿ ನಕ್ಕು ಓಡಿತು.

ಯಾನಬಾಗೆ ಮೈಯೆಲ್ಲ ಉರಿಯಿತು. "ನಿನ್ನನ್ನು ಹೊರಗೆ ನಿಲ್ಲಿಸದಿದ್ದರೆ ಕೇಳು," ಅಂದಳು.

ಎರಡು ದೊಡ್ಡ ಪೈನ್ ಮರಗಳನ್ನು ನೆಟ್ಟು ಮಗ್ಗ ಹೂಡಿದಳು. ಕೆಂಪು ಮಣ್ಣನ್ನು ಎಳೆ ಮಾಡಿದಳು, ಜೋಳದ ಹೂವಿನ ಹಳದಿ ಪುಡಿಯನ್ನು ಎಳೆ ಮಾಡಿದಳು, ಕರಿ ಮೋಡವನ್ನೂ ಎಳೆ ಮಾಡಿದಳು. ಪಟ್ಟೆಯ ಮೇಲೆ ಪಟ್ಟೆ, ಪಟ್ಟೆಯ ಮೇಲೆ ಪಟ್ಟೆ. ಕಣಿವೆಯನ್ನೇ ಸುತ್ತುವಷ್ಟು ಉದ್ದದ ಕಂಬಳಿ ಎದ್ದು ನಿಂತಿತು. ಕೊನೆಗೆ ಅಂಚು ಕಟ್ಟುವ ಹೊತ್ತು ಬಂತು.

"ದಾರಿ," ಅಂದಳು ಜೇಡಜ್ಜಿ.

"ದಾರಿ ಬಿಟ್ಟರೆ ಆ ಕಳ್ಳ ಅಲ್ಲಿಂದಲೇ ನುಗ್ಗುತ್ತಾನೆ ಅಜ್ಜಿ. ಈ ಸಲ ಬಿಡಲ್ಲ."

ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ ಅವಳು. ಅಂಚು ಪೂರ್ತಿ ಮುಚ್ಚಿಬಿಟ್ಟಳು. ನಾಲ್ಕು ದಿನದ ಬಿಸಿಲಿಗೆ ಕಂಬಳಿ ಗಟ್ಟಿಯಾಗಿ ಬಂಡೆಯಾಯಿತು. ಗಾಳಿ ಬಂದು ಹಣೆ ಚಚ್ಚಿಕೊಂಡು ವಾಪಸ್ ಹೋಯಿತು. ಜೋಳ ಆಳೆತ್ತರ ಬೆಳೆಯಿತು, ಕುರಿಗಳು ದುಂಡಗಾದವು. ಯಾನಬಾ ಬೀಗಿದ್ದೇ ಬೀಗಿದ್ದು!

ಆಮೇಲೆ ಗಂಡು ಮಳೆ ಬಂತು. ಮೆಲ್ಲಗೆ ಜಿನುಗುವುದಕ್ಕೆ ದಿನೇ ಜನ ಹೆಣ್ಣು ಮಳೆ ಅಂತಾರೆ, ಗುಡುಗಿಕೊಂಡು ಸುರಿಯುವುದಕ್ಕೆ ಗಂಡು ಮಳೆ. ನೀರು ಗೋಡೆಯ ಬುಡದಲ್ಲೇ ಸುತ್ತಿತು, ಮತ್ತೆ ಸುತ್ತಿತು.

"ಎಲ್ಲಿಂದ ಹೋಗಲಿ ಯಾನಬಾ?" ಅಂತ ಕೇಳಿತು.

ಯಾನಬಾ ಗೋಡೆಯುದ್ದಕ್ಕೂ ಓಡಿ ನೋಡಿದಳು, ಎಲ್ಲೂ ಒಂದು ಸಂದಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಜೋಳ ಮುಳುಗಿತು. ಹಾಸ್ಬಾ ಮಗುವನ್ನು ಅಪ್ಪಿಕೊಂಡು, ಮಣ್ಣು ಮೆತ್ತಿದ ತಮ್ಮ ದುಂಡು ಮನೆಯ ಮೇಲೆ ಹತ್ತಿ ಕೂತಳು. ಪಕ್ಕದಲ್ಲಿ ಕುರಿಗಳು.

"ಗಾಳಿ ಮಣ್ಣು ತಿಂದಿತ್ತು ಅಕ್ಕಾ," ಹಾಸ್ಬಾ ಕೂಗಿದಳು. "ನಿನ್ನ ಗೋಡೆ ನನ್ನ ಮಗೂನೇ ತಿನ್ನುತ್ತಲ್ಲೇ!"

ಯಾನಬಾ ಮಗುವಿನ ಕಡೆ ನೋಡಿದಳು. "ತಪ್ಪು ನನ್ನದೇ ತಂಗೀ. ನಾನೇ ಬಿಚ್ತೀನಿ," ಅಂದಳು. ನೇಯುವ ಮರದ ಬಾಚಣಿಗೆ ಹಿಡಿದು ಗೋಡೆಯ ಅಂಚಿಗೆ ಹೋಗಿ, ಒಂದು ಉಬ್ಬಿನ ಮೇಲೆ ಹತ್ತಿ ನಿಂತಳು.

"ಕಲ್ಲಾದ ಮೇಲೆ ಬಿಚ್ಚುವುದು ನನಗೂ ಗೊತ್ತಿಲ್ಲ," ಅಂದಳು ಜೇಡಜ್ಜಿ.

"ಗೊತ್ತಿಲ್ಲದಿದ್ದರೆ ಇರಲಿ ಅಜ್ಜಿ. ಮುಚ್ಚಿದವಳು ನಾನಲ್ಲವೇ?"

ಮೊದಲ ದಿನ ಬಾಚಣಿಗೆ ಮುರಿಯಿತು. ಎರಡನೆಯ ದಿನ ಜಿಂಕೆಯ ಕೊಂಬು ಸವೆಯಿತು. ಮೂರನೆಯ ದಿನ ಉಗುರಲ್ಲೇ ಕೆರೆದಳು. ಬಂಡೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಆದರೂ ಕೆರೆದಳು.

ಅವಳ ಕೈ ನೋಡಿ ನೀರಿಗೇ ಅಯ್ಯೋ ಅನ್ನಿಸಿತು. "ನೀನು ಕೆರೆ, ನಾನು ತಳ್ಳುತ್ತೇನೆ," ಅಂದಿತು.

ಅವಳು ಕೆರೆದಳು, ನೀರು ತಳ್ಳಿತು. ಅವಳು ಕೆರೆದಳು, ನೀರು ತಳ್ಳಿತು. ನಾಲ್ಕನೆಯ ದಿನ ಮಧ್ಯಾಹ್ನ ನೀರು ಹಾಸ್ಬಾಳ ಪಾದ ಮುಟ್ಟಿತ್ತು. ಆಗ ಅಂಚಿನಲ್ಲಿ ಒಂದೆಳೆ ಸಡಿಲಾಯಿತು. ಯಾನಬಾ ಹಲ್ಲು ಕಚ್ಚಿ ಎಳೆದಳು. ಮೇಲಿನಿಂದ ಕೆಳಗಿನ ತನಕ ಬಂಡೆ ಚಟಾರ್ ಅಂತ ಬಿರಿಯಿತು, ನೀರು ಧೋ ಅಂತ ಹೊರಗೆ ಹರಿಯಿತು. ಮನೆಯ ಮೇಲೆ ಮಗು ಕಿರುಚಿ ಅತ್ತಿತು. ಆ ಅಳು ಕೇಳಿ ಯಾನಬಾಗೆ ಹೋದ ಜೀವ ಬಂದ ಹಾಗಾಯಿತು.

ಅಷ್ಟರಲ್ಲಿ ಬಿರುಕಿನ ಆಚೆ ಗಾಳಿ ಹಾಜರ್! "ಏನಮ್ಮ ಯಾನಬಾ, ಸೋತೆಯಾ? ಬಾಗಿಲು ತೆಗೆದೆಯಲ್ಲ!"

ಯಾನಬಾ ಊದಿಕೊಂಡ ಕೈಗಳನ್ನು ನೋಡಿಕೊಂಡಳು. ಆಮೇಲೆ ಗಾಳಿಯನ್ನು ನೋಡಿದಳು.

"ಬಾರಪ್ಪ, ಬೇಡ ಅಂದವರ್ಯಾರು? ಆದರೆ ಒಂದೊಂದೇ ಎಳೆಯಾಗಿ ಬಾ."

ಗಾಳಿ ನುಗ್ಗಲು ನೋಡಿತು. ಬಿರುಕಿನಲ್ಲಿ ತೂರಲಾಗಲಿಲ್ಲ. ಹೊಟ್ಟೆ ಒಳಗೆಳೆದುಕೊಂಡು, ಓರೆಯಾಗಿ, ತೆಳ್ಳಗಾಗಿ ಒಳಗೆ ಬರುವಷ್ಟರಲ್ಲಿ ಅದಕ್ಕೆ ಒಂದು ಮುಷ್ಟಿ ಮಣ್ಣು ಎತ್ತುವ ಶಕ್ತಿಯೂ ಉಳಿಯಲಿಲ್ಲ.

ಅದಕ್ಕೇ ಮರಿ, ಆ ನಾಡಿನ ಕೆಂಪು ಬಂಡೆಗಳ ಮೈಮೇಲೆ ಇವತ್ತಿಗೂ ಕಂಬಳಿಯಂಥ ಪಟ್ಟೆಗಳಿವೆ. ಎಷ್ಟೇ ದೊಡ್ಡ ಬಂಡೆಗೋಡೆಯಾಗಲಿ, ಎಲ್ಲೋ ಒಂದು ಕಡೆ ಕೈ ಚಾಚಿದರೆ ಎರಡೂ ಬದಿ ಮುಟ್ಟುವಂಥ ಸಣ್ಣ ಬಿರುಕು ಇದ್ದೇ ಇರುತ್ತದೆ, ಮಳೆ ಬಂದಾಗಲೆಲ್ಲ ನೀರು ಅಲ್ಲಿ ಇನ್ನೂ ತಳ್ಳುತ್ತಲೇ ಇರುತ್ತದೆ.